ಕಾಂಪೋಸ್ಟ್ ಟೀ, ಜೀವಾಮೃತ, ಹಿಂಡಿ ನೀರು: ನಿಮ್ಮ ತರಕಾರಿ ಗಿಡಕ್ಕೆ ಯಾವ ಬಕೆಟ್?

ನಮ್ಮ ತಾರಸಿಯ ಮೂಲೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಬಕೆಟ್ ಸಾಲಾಗಿ ಕೂತಿದ್ದವು. ಒಂದರಲ್ಲಿ ಗುಳುಗುಳು ಅಂತ ಗುಳ್ಳೆ ಏಳುವ ಕಾಂಪೋಸ್ಟ್ ಟೀ, ಅಂದರೆ ಮಾಗಿದ ಗೊಬ್ಬರ ನೆನೆಸಿದ ನೀರು. ಪಕ್ಕದ್ದರಲ್ಲಿ ಸಗಣಿ, ಗಂಜಲ, ಬೆಲ್ಲ ಕಲಸಿಟ್ಟ ಜೀವಾಮೃತ. ಮೂರನೆಯದರಲ್ಲಿ ಕಡಲೆಕಾಯಿ ಹಿಂಡಿ ನೆನೆಸಿದ ನೀರು. ನಾಲ್ಕನೆಯದು ಎರೆಹುಳದ ತೊಟ್ಟಿಯಿಂದ ಇಳಿದ ಎರೆಜಲ. ಕೆಳಗಿನ ಮನೆಯವರು ಒಂದು ದಿನ ಬಟ್ಟೆ ಒಣಹಾಕಲು ಬಂದವರು, ಮೂಗು ಮುಚ್ಚಿಕೊಂಡೇ ಕೇಳಿದರು. "ಇದರಲ್ಲಿ ಯಾವುದು ಒಳ್ಳೇದು ಸಾರ್? ಒಂದೇ ಒಂದು ಹೇಳಿ, ನಾವೂ ಮಾಡ್ಕೋತೀವಿ."

ಒಂದೇ ಒಂದು ಹೇಳಲು ನನಗೆ ಆಗಲಿಲ್ಲ. ಎಲ್ಲವನ್ನೂ ನಾವು 'ದ್ರವ ಗೊಬ್ಬರ' ಅಂತ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಇವುಗಳ ಕೆಲಸ ಬೇರೆ ಬೇರೆ. ಹಿಂಡಿ ನೀರು ಗಿಡಕ್ಕೆ ಊಟ. ಕಾಂಪೋಸ್ಟ್ ಟೀ ಮತ್ತು ಜೀವಾಮೃತ ಊಟ ಅಲ್ಲ, ಹೆಪ್ಪು. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಮೊಸರು ಮಾಡುತ್ತದೆ, ನಿಜ. ಪಾತ್ರೆಯಲ್ಲಿ ಹಾಲೇ ಇಲ್ಲದಿದ್ದರೆ? ತರಕಾರಿ ಮಡಿಯಲ್ಲಿ ಆ ಹಾಲು ಅಂದರೆ ಮಣ್ಣಿನಲ್ಲಿರುವ ಕಾಂಪೋಸ್ಟು, ಒಣ ಎಲೆ, ಹೊದಿಕೆ. ಬರೀ ಕೆಮ್ಮಣ್ಣು ತುಂಬಿದ ಗ್ರೋ ಬ್ಯಾಗಿಗೆ ಎಷ್ಟು ಬಕೆಟ್ ಟೀ ಹುಯ್ದರೂ ಅದು ಒದ್ದೆ ಕೆಮ್ಮಣ್ಣೇ.

ಹಾಗಾಗಿ ಯಾವುದು ಒಳ್ಳೆಯದು ಅಂತ ಕೇಳುವ ಮುಂಚೆ ಗಿಡಕ್ಕೆ ಏನು ಕಮ್ಮಿಯಾಗಿದೆ ಅಂತ ನೋಡಿಕೊಳ್ಳಿ. ಹಳೇ ಎಲೆಗಳು, ಅಂದರೆ ಕೆಳಗಿನವು, ತಿಳಿ ಹಳದಿ ಆಗುತ್ತಿದ್ದರೆ ಸಾಮಾನ್ಯವಾಗಿ ಅದು ಸಾರಜನಕದ ಹಸಿವು. ಮಣ್ಣು ಗಟ್ಟಿಯಾಗಿ, ನೀರು ಮೇಲೇ ನಿಂತರೆ ಮಣ್ಣಿಗೆ ಜೀವ ಬೇಕು. ಎಲೆ ಮೇಲೆ ಬಿಳಿ ಪುಡಿ ಬಿದ್ದಿದ್ದರೆ ಅದು ರೋಗ. ಈ ಮೂರಕ್ಕೂ ಒಂದೇ ಬಕೆಟ್ ಮದ್ದಲ್ಲ.

ಡಬ್ಬದಿಂದ ಬಸಿಯುವ ಕಪ್ಪು ನೀರು ಟೀ ಅಲ್ಲ

ಮೊದಲು ಒಂದು ಗೊಂದಲ ಬಗೆಹರಿಸೋಣ. ಅಡುಗೆಮನೆ ಕಸ ಹಾಕುವ ಡಬ್ಬದ ತಳದಲ್ಲಿ ಒಂದು ನಲ್ಲಿ ಇರುತ್ತದೆ ಅಲ್ವಾ, ಅದರಿಂದ ಇಳಿಯುವ ಕಪ್ಪು ರಸವನ್ನು ತುಂಬಾ ಜನ ಕಾಂಪೋಸ್ಟ್ ಟೀ ಅಂದುಕೊಂಡಿದ್ದಾರೆ. ಅದು ಇನ್ನೂ ಕೊಳೆಯುತ್ತಿರುವ ಕಸದಿಂದ ಬಸಿದ ನೀರು. ಗಾಳಿ ಇಲ್ಲದ ಕಡೆ ಹುಟ್ಟಿದ್ದು. ಹುಳಿ, ಉಪ್ಪು ಎರಡೂ ಇರಬಹುದು. ಹಾಗೇ ಹುಯ್ದರೆ ಎಳೇ ಬೇರು ಸುಡುತ್ತದೆ.

ಎಸೆಯಬೇಕಿಲ್ಲ. ಒಂದಕ್ಕೆ ಇಪ್ಪತ್ತು ಪಾಲು ನೀರು ಬೆರೆಸಿ ದಾಸವಾಳಕ್ಕೋ ಕರಿಬೇವಿಗೋ ಬುಡಕ್ಕೆ ಹಾಕಿ. ಸೊಪ್ಪಿನ ಮಡಿಗೆ ಬೇಡ. ದಿನಾ ಲೋಟಗಟ್ಟಲೆ ಇಳಿಯುತ್ತಿದೆ ಅಂದರೆ ಡಬ್ಬದಲ್ಲಿ ನೀರು ಜಾಸ್ತಿ ಆಗಿದೆ ಅಂತ ಅರ್ಥ. ಒಣ ಎಲೆ ಹಾಕಿ.

ಕಾಂಪೋಸ್ಟ್ ಟೀ ಅಂದರೆ ಪೂರ್ತಿ ಮಾಗಿದ, ಮಳೆ ಬಿದ್ದ ಮಣ್ಣಿನ ವಾಸನೆ ಬರುವ ಗೊಬ್ಬರವನ್ನು ನೀರಿನಲ್ಲಿ ನೆನೆಸಿ ತೆಗೆದ ರಸ. ಗೊಬ್ಬರ ಕೆಟ್ಟದ್ದಾದರೆ ಟೀ ಒಳ್ಳೆಯದಾಗಲು ಸಾಧ್ಯವೇ ಇಲ್ಲ. ಪಂಪು, ಬಕೆಟ್ಟು, ಗಂಟೆ ಲೆಕ್ಕ ಎಲ್ಲಾ ಆಮೇಲಿನ ಮಾತು.

ಗಾಳಿ ಹಾಕಿ ಮಾಡುವುದೋ, ಹಾಕದೆ ಮಾಡುವುದೋ

ಕಾಂಪೋಸ್ಟ್ ಟೀಯಲ್ಲೇ ಎರಡು ಪಂಗಡ ಇವೆ.

ಹಳೆಯದು ಗಾಳಿ ಹಾಕದ ವಿಧಾನ. ಒಂದು ಪಾಲು ಗೊಬ್ಬರಕ್ಕೆ ಐದರಿಂದ ಹತ್ತು ಪಾಲು ನೀರು ಹಾಕಿ, ಆಗಾಗ ಕೋಲಿನಿಂದ ತಿರುಗಿಸುತ್ತಾ ಒಂದರಿಂದ ಎರಡು ವಾರ ಬಿಡುವುದು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ವೆಲ್ಟ್ಜಿಯನ್ ಎಂಬ ಸಸ್ಯರೋಗ ತಜ್ಞ 1980ರ ದಶಕದಲ್ಲಿ ಇಂಥ ರಸವನ್ನು ದ್ರಾಕ್ಷಿಯ ರೋಗಗಳ ಮೇಲೆ ಹೊಡೆದು ನೋಡಿದ್ದರು. ಖರ್ಚು ಇಲ್ಲ, ಕರೆಂಟ್ ಬೇಡ. ಆದರೆ ಬೆಂಗಳೂರಿನ ಪುಟ್ಟ ತಾರಸಿಯಲ್ಲಿ ಎರಡು ವಾರ ಬಕೆಟ್ ನೀರು ನಿಲ್ಲಿಸುವುದು ಅಂದರೆ ಸೊಳ್ಳೆಗೆ ಹೆರಿಗೆ ಕೋಣೆ ಕಟ್ಟಿಕೊಟ್ಟ ಹಾಗೆ. ಹಳೇ ಪಂಚೆಯಲ್ಲಿ ಬಾಯಿ ಬಿಗಿದು ಕಟ್ಟಲೇಬೇಕು. ವಾಸನೆ ಬೇರೆ.

ಗಾಳಿ ಹಾಕುವ ವಿಧಾನ ಹೆಚ್ಚು ಹೆಸರಾಗಿದ್ದು ಅಮೆರಿಕದ ಮಣ್ಣು ವಿಜ್ಞಾನಿ ಎಲೇನ್ ಇಂಗಮ್ ಅವರಿಂದ. ಅವರ ವಾದ ಸರಳ. ಗಿಡಕ್ಕೆ ನೆರವಾಗುವ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಗಾಳಿ ಇರುವಲ್ಲಿ ಬೆಳೆಯುತ್ತವೆ, ಆದ್ದರಿಂದ ನೀರಿಗೆ ಗಾಳಿ ಊದುತ್ತಾ ಇರಿ, ಒಂದೂವರೆ ದಿನದೊಳಗೆ ಟೀ ತಯಾರು. ಇದಕ್ಕೆ ತಕರಾರು ತೆಗೆದವರೂ ಇದ್ದಾರೆ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಲಿಂಡಾ ಚಾಲ್ಕರ್-ಸ್ಕಾಟ್ ಬಹಳ ವರ್ಷಗಳಿಂದ ಹೇಳುತ್ತಿರುವುದು ಇಷ್ಟು: ಹೊಲದಲ್ಲಿ ಇದರ ಫಲ ಒಂದೊಂದು ಕಡೆ ಒಂದೊಂದು ಥರ ಬಂದಿದೆ, ಆ ಗೊಬ್ಬರವನ್ನೇ ನೇರವಾಗಿ ಮಣ್ಣಿನ ಮೇಲೆ ಹರಡಬಾರದೇಕೆ?

ನನಗೆ ಇಬ್ಬರ ಮಾತಿನಲ್ಲೂ ಹುರುಳು ಕಾಣುತ್ತದೆ. ಗೊಬ್ಬರ ಬೇಕಾದಷ್ಟು ಇರುವವರಿಗೆ ಲಿಂಡಾ ಅವರ ಪ್ರಶ್ನೆಯೇ ಉತ್ತರ. ಆದರೆ 60 ಚೀಲ ಗಿಡ ಇಟ್ಟುಕೊಂಡು, ತಿಂಗಳಿಗೆ ನಾಲ್ಕೈದು ಕಿಲೋ ಗೊಬ್ಬರ ಮಾತ್ರ ಸಿಗುವ ನನ್ನಂಥವರು ಏನು ಮಾಡಬೇಕು? ಒಂದು ಕಿಲೋ ಗೊಬ್ಬರವನ್ನು 60 ಚೀಲಕ್ಕೆ ಹಂಚಿದರೆ ತಲಾ ಒಂದು ಚಮಚ. ಅದೇ ಒಂದು ಕಿಲೋವನ್ನು ಟೀ ಮಾಡಿದರೆ ಎಲ್ಲದಕ್ಕೂ ಒಂದು ಲೋಟ. ಚರಟ ಮತ್ತೆ ನಮ್ಮ ಕೈಗೇ ವಾಪಸ್.

ಮಾಡುವುದು ಹೀಗೆ. 20 ಲೀಟರ್ ಬಕೆಟ್‌ನಲ್ಲಿ 15 ಲೀಟರ್ ನೀರು. ಮುಕ್ಕಾಲರಿಂದ ಒಂದು ಕಿಲೋ ಮಾಗಿದ ಗೊಬ್ಬರವನ್ನು ಸಡಿಲ ಹೆಣಿಗೆಯ ಚೀಲದಲ್ಲಿ ಕಟ್ಟಿ ಇಳಿಬಿಡಿ. ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ ಏರ್ ಪಂಪ್, ಪೈಪು, ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಂಧ್ರಗಳ ಕಲ್ಲು) ಸಿಗುತ್ತದೆ. ಎರಡು ಬಾಯಿಯ ಪಂಪ್ ತಗೊಳ್ಳಿ, ಒಂದು ಬಾಯಿಯದ್ದು ಸಾಲದು. ಕಲ್ಲು ತಳದಲ್ಲಿ ಇರಬೇಕು. ನೀರು ಕುದಿಯುವ ಹಾಗೆ ಕಾಣಬೇಕು, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಪ್ರಯೋಜನ ಇಲ್ಲ. ಕರೆಂಟ್ ಬಿಲ್ಲಿನ ಚಿಂತೆ ಬೇಡ. 5 ವಾಟ್‌ನ ಪಂಪ್ ಇಡೀ ದಿನ ಓಡಿದರೂ 0.12 ಯೂನಿಟ್.

ಪಂಪನ್ನು ಮಾತ್ರ ಬಕೆಟ್‌ನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಪಂಪ್ ನೆಲದ ಮೇಲಿತ್ತು. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಗಾಳಿ ನಿಂತ ಕೂಡಲೇ ಬಕೆಟ್‌ನ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನ ಹೊಟ್ಟೆ ಸೇರಿತು. ಬೆಳಿಗ್ಗೆ ಪಂಪ್ ಸತ್ತಿತ್ತು, ಟೀ ಮೋರಿ ವಾಸನೆ ಹೊಡೆಯುತ್ತಿತ್ತು. ಬೇಸಿಗೆಯಲ್ಲಿ ಏಳೆಂಟು ಗಂಟೆ ಗಾಳಿ ಇಲ್ಲದಿದ್ದರೆ ಸಾಕು, ಬಕೆಟ್ ಕೆಡುತ್ತದೆ.

ಬಿಸಿಲಿನ ಊರಿನವರು ಇನ್ನೊಂದು ವಿಷಯ ಗಮನಿಸಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಮ್ಮಿ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಡುತ್ತದೆ. 30 ಡಿಗ್ರಿಯಲ್ಲಿ ಏಳೂವರೆ. ಟೀ ಮಾಡುವವರು 6ಕ್ಕಿಂತ ಕೆಳಗೆ ಇಳಿಯಬಾರದು ಅನ್ನುತ್ತಾರೆ. ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ತಾರಸಿಯಲ್ಲಿ ಈ ಆಟ ಕಷ್ಟ. ಅಲ್ಲಿ ಅದೇ ಗೊಬ್ಬರವನ್ನು ಹೊದಿಕೆಯ ಕೆಳಗೆ ಹಾಕಿ ನೀರು ಕೊಟ್ಟರೆ ಹೆಚ್ಚು ಲಾಭ. ಮಡಿಕೇರಿ, ಚಿಕ್ಕಮಗಳೂರಿನವರಿಗೆ ಈ ತಾಪತ್ರಯ ಇಲ್ಲ. ಬೆಂಗಳೂರಿನವರು ಬಕೆಟ್ಟನ್ನು ನೆರಳಿನಲ್ಲಿ ಇಟ್ಟು, ಸಂಜೆ ಶುರುಮಾಡಿ, ಮರುದಿನ ಸಂಜೆ ಹುಯ್ಯಬಹುದು.

24 ಗಂಟೆ ಸಾಕು. ಪಂಪ್ ನಿಲ್ಲಿಸಿದ ಮೇಲೆ ನಾಲ್ಕೈದು ಗಂಟೆಯೊಳಗೆ ಖಾಲಿ ಮಾಡಿ. ಬಾಟಲಿಯಲ್ಲಿ ತುಂಬಿಟ್ಟು ವಾರಗಟ್ಟಲೆ ಬಳಸುವ ವಸ್ತು ಇದಲ್ಲ. ಹಾಗಾಗಿ 'ರೆಡಿ ಕಾಂಪೋಸ್ಟ್ ಟೀ' ಅಂತ ಮುಚ್ಚಿದ ಬಾಟಲಿಯಲ್ಲಿ ಸಿಕ್ಕರೆ ನಾನಂತೂ ಕೊಳ್ಳುವುದಿಲ್ಲ.

ಪಂಪ್ ಕೊಳ್ಳಲು ಮನಸ್ಸಿಲ್ಲ, ಎರಡು ವಾರ ಕಾಯಲೂ ತಾಳ್ಮೆ ಇಲ್ಲ ಅನ್ನುವವರಿಗೆ ಮೂರನೇ ದಾರಿ ಇದೆ. ಎರಡು ಹಿಡಿ ಗೊಬ್ಬರವನ್ನು ಅರ್ಧ ಬಕೆಟ್ ನೀರಿನಲ್ಲಿ ಹಾಕಿ, ಐದು ನಿಮಿಷ ಕೈಯಿಂದ ಚೆನ್ನಾಗಿ ಕದಡಿ, ತಕ್ಷಣ ಬುಡಕ್ಕೆ ಹುಯ್ಯುವುದು. ಸೋಸುವ ಕೆಲಸವೂ ಇಲ್ಲ. ನಿಜ ಹೇಳಬೇಕೆಂದರೆ, ನಾನು ಈಗ ಹತ್ತರಲ್ಲಿ ಏಳು ಸಲ ಮಾಡುವುದು ಇದನ್ನೇ. ಗಿಡಗಳು ವ್ಯತ್ಯಾಸ ತೋರಿಸಿಲ್ಲ.

ನೀರಿನ ಬಗ್ಗೆ

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಹಾಕುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಒಂದು ರಾತ್ರಿ ಅಗಲ ಬಾಯಿಯ ಬಕೆಟ್‌ನಲ್ಲಿ ತೆರೆದಿಟ್ಟರೆ ಬಹುಪಾಲು ಹೋಗುತ್ತದೆ. ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಮಾತ್ರ ಬಳಸಬೇಡಿ. ಬೋರ್‌ವೆಲ್ ನೀರಿನ ಉಪ್ಪೆಲ್ಲಾ ಅದರಲ್ಲೇ ಕೂಡಿಬಿದ್ದಿರುತ್ತದೆ. ನೆಲ ಒರೆಸಲು ಸರಿ, ಚೀಲದ ಗಿಡಕ್ಕೆ ಅಲ್ಲ.

ಬೆಲ್ಲ ಹಾಕಬೇಕೇ?

ಈ ಪ್ರಶ್ನೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕಾಂಪೋಸ್ಟ್ ಟೀ ಮಾಡುವ ಹೆಚ್ಚಿನವರು ಒಂದು ಹಿಡಿ ಬೆಲ್ಲ ಹಾಕುತ್ತಾರೆ. ಸೂಕ್ಷ್ಮಜೀವಿಗಳಿಗೆ ಊಟ ಅಂತ. ತೊಂದರೆ ಏನೆಂದರೆ, ಬೆಲ್ಲ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ನೋಡುವುದಿಲ್ಲ. ಗೊಬ್ಬರದಲ್ಲಿ ಸಗಣಿಯ ಮೂಲಕ ಬಂದ ಇ. ಕೋಲಿ, ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಸ್ವಲ್ಪ ಉಳಿದಿದ್ದರೆ ಅವೂ ಬೆಲ್ಲ ತಿಂದು ಹೆಚ್ಚುತ್ತವೆ. ಅಮೆರಿಕದಲ್ಲಿ ಸಾವಯವ ಮಾನದಂಡ ನೋಡಿಕೊಳ್ಳುವ ಮಂಡಳಿಯೊಂದು ಕಾಂಪೋಸ್ಟ್ ಟೀಗಾಗಿಯೇ ಒಂದು ತಂಡ ಮಾಡಿತ್ತು. ಆ ತಂಡ 2004ರಲ್ಲಿ ಕೊಟ್ಟ ವರದಿಯ ಮುಖ್ಯ ಎಚ್ಚರಿಕೆ ಇದೇ. ಕಾಕಂಬಿಯಂಥ ಸಿಹಿ ಸೇರಿಸಿ ಮಾಡಿದ ಟೀಯನ್ನು ಪರೀಕ್ಷೆ ಮಾಡಿಸದಿದ್ದರೆ ಹಸಿ ಗೊಬ್ಬರದ ಸಾಲಿಗೇ ಸೇರಿಸಿ ಅಂತ. ಅಲ್ಲಿಯ ಸಾವಯವ ನಿಯಮದಂತೆ ಹಸಿ ಸಗಣಿ ಗೊಬ್ಬರ ಹಾಕಿದ ಮೇಲೆ, ಮಣ್ಣಿಗೆ ತಾಗುವ ಬೆಳೆಯಾದರೆ 120 ದಿನ, ತಾಗದಿದ್ದರೆ 90 ದಿನ ಕೊಯ್ಯುವಂತಿಲ್ಲ.

ಗೊಬ್ಬರ ಕಾದಿದ್ದರೆ ಚಿಂತೆ ಕಮ್ಮಿ. ತಿಪ್ಪೆಯ ಒಳಗೆ 55 ಡಿಗ್ರಿಗಿಂತ ಮೇಲೆ ಹಲವು ದಿನ ಬಿಸಿ ನಿಂತು, ಮಗುಚಿ ಹಾಕಿದ್ದರೆ ಇಂಥ ಬ್ಯಾಕ್ಟೀರಿಯಾ ಬಹಳಷ್ಟು ಸಾಯುತ್ತವೆ. ಆದರೆ ನಮ್ಮ ಮನೆಯ ಮಣ್ಣಿನ ಮಡಕೆ, ಪ್ಲಾಸ್ಟಿಕ್ ಡ್ರಮ್ಮು ಅಷ್ಟು ಬಿಸಿ ಆಗುವುದು ಅಪರೂಪ. ಎರೆಗೊಬ್ಬರವಂತೂ ಬಿಸಿ ಆಗುವಂತೆಯೇ ಇಲ್ಲ, ಹುಳ ಸತ್ತುಹೋಗುತ್ತದೆ.

ನಮ್ಮ ಊಟದಲ್ಲಿ ಹಸಿಯಾಗಿ ತಿನ್ನುವುದು ಕಮ್ಮಿ ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ಕೋಸಂಬರಿಗೆ ಸೌತೆಕಾಯಿ, ಕ್ಯಾರೆಟ್ಟು. ಎಲ್ಲದರ ಮೇಲೂ ಕೊತ್ತಂಬರಿ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ, ಈರುಳ್ಳಿ ಸೊಪ್ಪು. ಆದ್ದರಿಂದ ನಮ್ಮ ಮನೆಯ ಕಟ್ಟಳೆ ಇದು: ಹಸಿಯಾಗಿ ತಿನ್ನುವ ಯಾವ ಗಿಡಕ್ಕೂ ಟೀ ಇಲ್ಲ, ಜೀವಾಮೃತ ಇಲ್ಲ. ಬಿತ್ತುವ ಮುಂಚೆ ಮಣ್ಣಿಗೆ ಬೆರೆಸಿದ ಮಾಗಿದ ಗೊಬ್ಬರ, ಆಮೇಲೆ ಬರೀ ನೀರು. ಕೊತ್ತಂಬರಿ ಒಂದೂವರೆ ತಿಂಗಳಲ್ಲಿ ಅಡುಗೆಮನೆಗೆ ಬರುತ್ತದೆ, ಅದಕ್ಕೆ ಇಷ್ಟು ಸಾಕು. ಬೇಯಿಸಿ ತಿನ್ನುವ ಬದನೆ, ಅವರೆ, ಹೀರೆ, ದಂಟಿಗೆ ಬುಡಕ್ಕೆ ಹುಯ್ಯುತ್ತೇನೆ, ಎಲೆಗೆ ಸಿಂಪಡಿಸುವುದಿಲ್ಲ. ಕಾಂಪೋಸ್ಟ್ ಟೀಗೆ ಬೆಲ್ಲ ಹಾಕುವುದನ್ನು ಪೂರ್ತಿ ಬಿಟ್ಟಿದ್ದೇನೆ.

ಹಾಗಾದರೆ ಜೀವಾಮೃತ?

ಜೀವಾಮೃತದಲ್ಲಿ ಬೆಲ್ಲವೂ ಇದೆ, ಹಸಿ ಸಗಣಿಯೂ ಇದೆ. ಹಾಗಾಗಿ ಮೇಲಿನ ಮಾತು ಅದಕ್ಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹಾಗಂತ ಅದು ಬೇಡ ಅಂತಲ್ಲ. ಅದು ಎಲ್ಲಿಯದು, ಯಾವ ಅಳತೆಯದು ಅಂತ ತಿಳಿದು ಬಳಸಬೇಕು.

ನೈಸರ್ಗಿಕ ಕೃಷಿಯ ಪ್ರಚಾರಕ, ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಅಳತೆ ನಮ್ಮ ಹಳ್ಳಿಗಳಲ್ಲಿ ಈಗ ಬಾಯಿಪಾಠ. 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಿನಲ್ಲಿ ಇಟ್ಟು ದಿನಕ್ಕೆ ಎರಡು ಮೂರು ಸಲ ಕೋಲಿನಿಂದ ತಿರುಗಿಸಿದರೆ ಎರಡು ದಿನಕ್ಕೆ ತಯಾರು. ಒಂದು ವಾರದೊಳಗೆ ಬಳಸಬೇಕು. ಕರ್ನಾಟಕದಲ್ಲಿ ಇದು ಹಬ್ಬಲು ರೈತ ಸಂಘ ನಡೆಸಿದ ಶಿಬಿರಗಳ ಪಾತ್ರ ದೊಡ್ಡದು.

ಈ 200 ಲೀಟರ್ ಒಂದು ಎಕರೆಗೆ. ಇಲ್ಲೇ ತಾರಸಿಯವರು ಎಡವುವುದು. ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಒಂದು ಚದರ ಮೀಟರ್‌ಗೆ ಬೀಳುವುದು 50 ಮಿ.ಲೀ., ಕಾಫಿ ಲೋಟದ ಅರ್ಧಕ್ಕಿಂತ ಕಮ್ಮಿ. ಅದಕ್ಕೇ ನಾನು ಹೆಪ್ಪು ಅಂದಿದ್ದು. 20 ಚದರ ಮೀಟರ್ ಮಡಿ ಇರುವ ತಾರಸಿಗೆ ಬೇಕಾದದ್ದು ಒಂದು ಲೀಟರ್ ಮಾತ್ರ, ಅದನ್ನು ಹತ್ತು ಪಾಲು ನೀರಿಗೆ ಬೆರೆಸಿ ಎಲ್ಲಾ ಕಡೆ ಚಿಮುಕಿಸಿದರೆ ಆಯಿತು. ಬಕೆಟ್‌ಗಟ್ಟಲೆ ಹುಯ್ದರೆ ಚೀಲದ ಮಣ್ಣು ಹುಳಿ ವಾಸನೆ ಬಂದು, ಬೇರಿಗೆ ಉಸಿರು ಕಟ್ಟುತ್ತದೆ.

10 ಲೀಟರ್ ಮಾಡಿಕೊಳ್ಳುವುದಾದರೆ ಅರ್ಧ ಕಿಲೋ ಸಗಣಿ, ಅರ್ಧ ಲೀಟರ್‌ವರೆಗೆ ಗಂಜಲ, ತಲಾ 100 ಗ್ರಾಂ ಬೆಲ್ಲ ಮತ್ತು ಕಡಲೆ ಹಿಟ್ಟು. ಆದರೆ ಕೇಳಿಕೊಳ್ಳಿ, ಹಸು ಎಲ್ಲಿದೆ? ತಿಪಟೂರಿನ ಹತ್ತಿರ ನಮ್ಮ ಅಕ್ಕನ ಮನೆಯಲ್ಲಿ ಕೊಟ್ಟಿಗೆ ಹಿತ್ತಲಿಗೇ ಅಂಟಿಕೊಂಡಿದೆ. ಬೆಳಿಗ್ಗೆ ಸಗಣಿ ಬಾಚುವಾಗಲೇ ಡ್ರಮ್ಮಿಗೆ ಒಂದು ಪಾಲು ಹೋಗುತ್ತದೆ. ಅಕ್ಕನಿಗೆ ಕಾಂಪೋಸ್ಟ್ ಟೀ ತೋರಿಸಿದರೆ ನಗುತ್ತಾಳೆ. "ಮೀನಿನ ಪಂಪು ಯಾಕೋ, ಕೋಲು ಇಲ್ವಾ?" ಅವಳಿಗೆ ಜೀವಾಮೃತವೇ ಸರಿ. ಖರ್ಚು ಬೆಲ್ಲ, ಹಿಟ್ಟಿಗೆ ಮಾತ್ರ. ಅವಳ ತೆಂಗಿನ ತೋಟದಲ್ಲಿ ಉದುರಿದ ಗರಿ, ಸೊಪ್ಪು ನೆಲ ಮುಚ್ಚಿರುವುದರಿಂದ ಹೆಪ್ಪಿಗೆ ಹಾಲೂ ಉಂಟು. ನಾನು ಬೆಂಗಳೂರಿನಲ್ಲಿ ಹಾಲಿನವರ ಹತ್ತಿರ ಸಗಣಿ ಕೇಳಿ, ಅಂಗಡಿಯಲ್ಲಿ ಪೂಜೆಗೆ ಅಂತ ಮಾರುವ ಗಂಜಲದ ಬಾಟಲಿ ಕೊಂಡು, ಅದನ್ನೇ ಮಾಡಲು ಹೊರಟರೆ ಅದು ಶೋಕಿ ಆಗುತ್ತದೆ ಅಷ್ಟೆ.

ಹಸಿದ ಗಿಡಕ್ಕೆ ಹಿಂಡಿ

ಈಗ ಸ್ವಲ್ಪ ಲೆಕ್ಕ. ಒಳ್ಳೆಯ ಎರೆಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಒಂದೂವರೆ ಪಾಲು ಅಂತ ಇಟ್ಟುಕೊಳ್ಳಿ. ಒಂದು ಕಿಲೋದಲ್ಲಿ 15 ಗ್ರಾಂ. ಅದರಲ್ಲಿ ಟೀಗೆ ಇಳಿಯುವುದು ಒಂದು ಸಣ್ಣ ಭಾಗ. ಉಳಿದದ್ದು ಚರಟದಲ್ಲೇ ಇರುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ನೂರಕ್ಕೆ ಸುಮಾರು 7 ಪಾಲು. ಒಂದು ಕಿಲೋದಲ್ಲಿ 70 ಗ್ರಾಂ. ಬದನೆ, ಟೊಮೇಟೊ, ಮೆಣಸಿನ ಗಿಡ ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಚೀಲದ ಮಣ್ಣಿನಲ್ಲಿದ್ದದ್ದೆಲ್ಲಾ ತಿಂದು ಮುಗಿಸಿರುತ್ತದೆ. ಆಗ ಅದಕ್ಕೆ ಬೇಕಿರುವುದು ಹೆಪ್ಪಲ್ಲ, ಅನ್ನ.

100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ಮೂರು ದಿನ ಮುಚ್ಚಿ ನೆನೆಸಿ. ಆಮೇಲೆ ಒಟ್ಟು 10 ಲೀಟರ್ ಆಗುವಂತೆ ನೀರು ಬೆರೆಸಿ, ಚೀಲಕ್ಕೆ ಅರ್ಧ ಲೀಟರ್‌ನಂತೆ ಬುಡದಿಂದ ಸ್ವಲ್ಪ ದೂರಕ್ಕೆ ಹುಯ್ಯಿರಿ. 15 ದಿನಕ್ಕೊಮ್ಮೆ. ಹಿಂದಿನ ದಿನ ಗಿಡಕ್ಕೆ ನೀರು ಕೊಟ್ಟಿರಬೇಕು, ಒಣ ಮಣ್ಣಿಗೆ ಹುಯ್ಯಬಾರದು.

ಇದರ ದೋಷ ಮುಚ್ಚಿಡುವುದಿಲ್ಲ. ನಾರುತ್ತದೆ. ಕೆಳಗಿನ ಮನೆಯವರು ಮೂಗು ಮುಚ್ಚಿದ್ದು ಈ ಬಕೆಟ್‌ಗೇ. ಚರಟವನ್ನು ಮಣ್ಣಿನ ಮೇಲೆ ಬಿಟ್ಟರೆ ಇರುವೆ, ಇಲಿ, ಹೆಗ್ಗಣ ಎಲ್ಲಾ ಬಂದು ಚೀಲ ಕೆದಕುತ್ತವೆ. ಎರಡಿಂಚು ಒಳಗೆ ಹೂಳಬೇಕು. ಬೇವಿನ ಹಿಂಡಿಯಲ್ಲಿ ಸಾರಜನಕ ಸ್ವಲ್ಪ ಕಮ್ಮಿ, ಆದರೆ ಬೇರಿಗೆ ಗಂಟು ಕಟ್ಟುವ ಜಂತುಹುಳದ ಕಾಟ ಇರುವವರಿಗೆ ಅದೇ ಲೇಸು. ಅದನ್ನು ನೆನೆಸುವುದಕ್ಕಿಂತ ಮಣ್ಣು ತುಂಬುವಾಗಲೇ ಪುಡಿಯಾಗಿ ಬೆರೆಸುವುದು ಒಳ್ಳೆಯದು. ಹರಳಿನ ಹಿಂಡಿ ಅಗ್ಗ ಅಂತ ತರುವವರು ಮನೆಯಲ್ಲಿ ನಾಯಿ ಇದ್ದರೆ ದಯವಿಟ್ಟು ತರಬೇಡಿ. ಅದರಲ್ಲಿ ರೈಸಿನ್ ಎಂಬ ವಿಷ ಉಳಿದಿರಬಹುದು. ನಾಯಿಗಳು ವಾಸನೆಗೆ ಬಂದು ಮಣ್ಣು ಕೆದಕಿ ತಿನ್ನುತ್ತವೆ, ಪ್ರಾಣಕ್ಕೇ ಕುತ್ತು.

ಉಳಿದವು, ಬೇಗ ಬೇಗ

ಎರೆಜಲ: ಎರೆತೊಟ್ಟಿ ಈಗಾಗಲೇ ಇದ್ದರೆ ಪುಕ್ಕಟೆ ಬರುತ್ತದೆ, ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಬಳಸಿ. ಅದಕ್ಕಾಗಿಯೇ ತೊಟ್ಟಿ ಕಟ್ಟಿಸಬೇಡಿ. ವಾಸನೆ ಇಲ್ಲ, ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಇದು ಹೇಳಿಮಾಡಿಸಿದ್ದು.

ಪಂಚಗವ್ಯ: ತಮಿಳುನಾಡಿನ ಕೊಡುಮುಡಿಯ ಡಾ. ನಟರಾಜನ್ ಬಳಕೆಗೆ ತಂದ ಅಳತೆಯಲ್ಲಿ ಸಗಣಿ, ಗಂಜಲ, ಹಾಲು, ಮೊಸರು, ತುಪ್ಪದ ಜೊತೆ ಬಾಳೆಹಣ್ಣು, ಎಳನೀರೂ ಸೇರುತ್ತದೆ. ತಯಾರಾಗಲು ಮೂರು ವಾರದ ಹತ್ತಿರ ಬೇಕು. ಲೀಟರ್‌ಗೆ 30 ಮಿ.ಲೀ. ಬೆರೆಸುತ್ತಾರೆ. ಹತ್ತು ಚೀಲದ ಗಿಡಕ್ಕೆ ಒಂದು ಕಿಲೋ ತುಪ್ಪ ಸುರಿಯುವ ಧೈರ್ಯ ನನಗೆ ಬಂದಿಲ್ಲ.

ವೇಸ್ಟ್ ಡಿಕಂಪೋಸರ್: ಗಾಜಿಯಾಬಾದಿನ ಸರ್ಕಾರಿ ಸಾವಯವ ಕೃಷಿ ಕೇಂದ್ರ ತಂದ, ಕಸ ಕೊಳೆಸುವ ಸೂಕ್ಷ್ಮಜೀವಿಗಳ ಪುಟ್ಟ ಬಾಟಲಿ. ಬಂದಾಗ ಬೆಲೆ 20 ರೂಪಾಯಿ ಇತ್ತು. ಇದನ್ನು ಗಿಡಕ್ಕಿಂತ ಕಸದ ರಾಶಿಗೆ ಹಾಕುವುದೇ ವಾಸಿ. ಒಣ ಎಲೆ ಬೇಗ ಕೊಳೆಯಲಿ ಅಂತ ನಾನು ಬಳಸುತ್ತೇನೆ.

ರೋಗಕ್ಕೆ ಟೀ ಹೊಡೆಯಬಹುದಾ?

ಹೀರೆ, ಸೋರೆ, ಕುಂಬಳದ ಎಲೆ ಮೇಲೆ ಬೂದಿ ರೋಗ ಬಂದಾಗ 'ಕಾಂಪೋಸ್ಟ್ ಟೀ ಸಿಂಪಡಿಸಿ' ಅನ್ನುವ ಸಲಹೆ ಎಲ್ಲೆಡೆ ಇದೆ. ಕೆಲವು ಪ್ರಯೋಗಗಳಲ್ಲಿ ರೋಗ ಕಮ್ಮಿ ಆಗಿದೆ, ಕೆಲವದರಲ್ಲಿ ಏನೂ ಆಗಿಲ್ಲ. ಒಂದು ಗೊಬ್ಬರದ ಟೀ ಇನ್ನೊಂದರ ಹಾಗೆ ಇರುವುದಿಲ್ಲ, ಅದೇ ತೊಡಕು. ಬೂದಿ ರೋಗಕ್ಕೆ ಇದಕ್ಕಿಂತ ನಂಬಬಹುದಾದದ್ದು ಫ್ರಿಜ್ಜಿನಲ್ಲೇ ಇದೆ. ಬ್ರೆಜಿಲ್‌ನ ಬೆಟಿಯೋಲ್ ಎಂಬ ವಿಜ್ಞಾನಿ 1999ರಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ ಕುಂಬಳದ ಜಾತಿಯ ಜುಕಿನಿ ಗಿಡಕ್ಕೆ ಸಿಂಪಡಿಸಿ, ಬೂದಿ ರೋಗ ಹತೋಟಿಗೆ ಬಂದದ್ದನ್ನು ಪ್ರಕಟಿಸಿದರು. ಒಂದು ಪಾಲು ಹಾಲು, ಒಂಬತ್ತು ಪಾಲು ನೀರು. ವಾರಕ್ಕೆ ಒಂದೆರಡು ಸಲ, ಬಿಸಿಲು ಇರುವ ಬೆಳಗಿನಲ್ಲಿ. ರೋಗ ಪೂರ್ತಿ ಹರಡಿದ ಮೇಲೆ ಅಲ್ಲ, ಮೊದಲ ಬಿಳಿ ಚುಕ್ಕೆ ಕಂಡಾಗಲೇ.

ಹಿಟ್ಟು ತಿಗಣೆ, ಬಿಳಿ ನೊಣಕ್ಕೆ ಕಾಂಪೋಸ್ಟ್ ಟೀ ಮದ್ದೇ ಅಲ್ಲ. ಬೇವಿನೆಣ್ಣೆಗೆ ಹೋಗಿ.

ಯಾರಿಗೆ ಯಾವುದು

ಈಗ ಕೆಳಗಿನ ಮನೆಯವರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಅವರದ್ದು ಹನ್ನೆರಡು ಚೀಲ, ಇಬ್ಬರೂ ಕೆಲಸಕ್ಕೆ ಹೋಗುವವರು. ಅವರಿಗೆ ಪಂಪ್ ಬೇಡ, ಡ್ರಮ್ ಬೇಡ. ತಿಂಗಳಿಗೊಮ್ಮೆ ಚೀಲಕ್ಕೆ ಎರಡು ಹಿಡಿ ಮಾಗಿದ ಗೊಬ್ಬರ, ಮೇಲೆ ಒಣ ಎಲೆಯ ಹೊದಿಕೆ. ಕಾಯಿ ಬಿಡುವ ಗಿಡಕ್ಕೆ ಮಾತ್ರ 15 ದಿನಕ್ಕೊಮ್ಮೆ ಹಿಂಡಿ ನೀರು. ವಾಸನೆ ಆಗದು ಅಂದರೆ ಹಿಂಡಿಯನ್ನೇ ಒಂದೊಂದು ಚಮಚ ಪುಡಿಯಾಗಿ ಹೂತರಾಯಿತು.

ಹಿತ್ತಲಿದೆ, ಹಸು ಇದೆ, ಹೊದಿಕೆಗೆ ಬೇಕಾದಷ್ಟು ಸೊಪ್ಪು ಇದೆ ಅನ್ನುವವರಿಗೆ ಜೀವಾಮೃತ. ಹಸಿ ತಿನ್ನುವ ಸೊಪ್ಪಿನ ಮಡಿ ಮಾತ್ರ ಬೇರೆ ಇರಲಿ.

ಗಾಳಿ ಹಾಕಿದ ಕಾಂಪೋಸ್ಟ್ ಟೀ ಯಾರಿಗೆ? ಗೊಬ್ಬರ ಚೆನ್ನಾಗಿದೆ ಆದರೆ ಸಾಲುವುದಿಲ್ಲ, ಸಂಜೆ ಒಂದು ಗಂಟೆ ಬಿಡುವಿದೆ, ಇಂಥ ಆಟದಲ್ಲಿ ಖುಷಿಯೂ ಇದೆ ಅನ್ನುವವರಿಗೆ. ನಾನು ಅದನ್ನು ಈಗ ಮುಖ್ಯವಾಗಿ ಬಳಸುವುದು ಹೊಸ ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳಿಗೆ. ಆ ಪುಡಿಯಲ್ಲಿ ಮಣ್ಣಿನ ಜೀವ ಅನ್ನುವುದು ಹೆಚ್ಚುಕಮ್ಮಿ ಇರುವುದಿಲ್ಲ. ಗೊಬ್ಬರ ಬೆರೆಸಿ, ಸಸಿ ನೆಡುವ ಒಂದು ವಾರ ಮುಂಚೆ ಒಂದು ಸಲ ಟೀ ಕೊಡುತ್ತೇನೆ. ಅಲ್ಲಿ ಹೆಪ್ಪಿಗೆ ಒಂದು ಅರ್ಥ ಇದೆ.

ಯಾವುದನ್ನೇ ಶುರುಮಾಡಿ, ಒಂದೇ ತಳಿಯ, ಒಂದೇ ದಿನ ನೆಟ್ಟ ಎರಡು ಗಿಡಕ್ಕೆ ಬರೀ ನೀರು ಕೊಡಿ. ಅವಕ್ಕೆ ಒಂದು ಕೆಂಪು ದಾರ ಕಟ್ಟಿ. ನಾನು ಬದನೆಯಲ್ಲಿ ಹೀಗೆ ಮಾಡಿದಾಗ ಹಿಂಡಿ ನೀರಿನ ಗಿಡ ಎಲ್ಲಕ್ಕಿಂತ ಮುಂದಿತ್ತು. ಟೀ ಕುಡಿದ ಗಿಡಕ್ಕೂ ಕೆಂಪು ದಾರದ ಗಿಡಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಎರಡಕ್ಕೂ ಮೊದಲೇ ಒಳ್ಳೆಯ ಗೊಬ್ಬರ ಬಿದ್ದಿತ್ತು, ಅದೇ ಕಾರಣ ಇರಬೇಕು. ನಿಮ್ಮ ತಾರಸಿಯಲ್ಲಿ ಬೇರೆ ಥರ ಆಗಬಹುದು. ದಾರ ಕಟ್ಟಿದ್ದರೆ ತಾನೇ ಗೊತ್ತಾಗುವುದು?

ಕೊನೆಗೆ ಬಕೆಟ್ ತೊಳೆಯುವ ಕೆಲಸ ಒಂದಿದೆ, ಇದನ್ನು ಯಾರೂ ಹೇಳುವುದಿಲ್ಲ. ಟೀ ಖಾಲಿಯಾದ ಅರ್ಧ ಗಂಟೆಯೊಳಗೆ ಬಕೆಟ್, ಪೈಪು, ಏರ್ ಸ್ಟೋನ್ ಮೂರನ್ನೂ ಉಜ್ಜಿ ತೊಳೆದು ಬಿಸಿಲಿಗೆ ಇಡಿ. ತೊಳೆಯದೆ ಹಾಗೇ ಒಣಗಲು ಬಿಟ್ಟರೆ ಒಳಗಡೆ ಲೋಳೆ ಅಂಟಿಕೊಂಡು, ಮುಂದಿನ ಸಲದ ಟೀ ಮೊದಲ ಗಂಟೆಯಿಂದಲೇ ನಾರುತ್ತದೆ. ಕಲ್ಲಿನ ರಂಧ್ರ ಕಟ್ಟಿದ್ದರೆ ಒಂದು ರಾತ್ರಿ ವಿನಿಗರ್‌ನಲ್ಲಿ ನೆನೆಸಿ. ಚೀಲದಲ್ಲಿ ಉಳಿದ ಚರಟವನ್ನು ನಾನು ಬಾಳೆಯ ಬುಡಕ್ಕೆ ಹಾಕುತ್ತೇನೆ.